ಬಳಸದುದಕ್ಕೆ ಬೆಲೆ ತೆರುವುದು ನ್ಯಾಯವೇ?

ಉಂಡವನು ಹಣ ಕೊಡಬೇಕು, ಉಣ್ಣದವನು ಏಕೆ ಕೊಡಬೇಕು? ಮೇಲುನೋಟಕ್ಕೆ ಇದು ಸಣ್ಣ ಮಕ್ಕಳಿಗೂ ಒಪ್ಪಿಗೆಯಾಗುವ ನ್ಯಾಯ. ಆದರೆ ಮುಂಬಯಿಯಂಥ ನಗರದಲ್ಲಿ ಸಂಸಾರ ಹೂಡಿರುವ ನಾವು ತಿಂಗಳ ಮೊದಲ ವಾರ ಲೆಕ್ಕದ ಪುಸ್ತಕ ಹಿಡಿದು ಕುಳಿತರೆ, ಈ ನ್ಯಾಯ ನಮ್ಮ ಮನೆಯ ಹೆಚ್ಚಿನ ಬಿಲ್ಲುಗಳಿಗೆ ಹೊಂದುವುದೇ ಇಲ್ಲವೆಂಬುದು ಗೊತ್ತಾಗುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ ವಿದ್ಯುತ್ತಿನ ಬಿಲ್ಲು ಬರುತ್ತದೆ. ನೆಲ ಅಂತಸ್ತಿನಲ್ಲಿರುವವರು ಲಿಫ್ಟಿನ ಖರ್ಚು ಕೊಡುತ್ತಾರೆ. ಯಾರೂ ನೋಡದ ಚಾನೆಲ್ಲಿಗೆ, ಯಾರೂ ತೆರೆಯದ ಸಿನಿಮಾ ಸೇವೆಗೆ, ಯಾರೂ ಮೆಟ್ಟಿಲು ತುಳಿಯದ ವ್ಯಾಯಾಮಶಾಲೆಗೆ ಹಣ ಸಂದಾಯವಾಗುತ್ತದೆ. ಹೀಗೆ ಬಳಸದ ಸೇವೆಗೆ ತಿಂಗಳು ತಿಂಗಳೂ ಹಣ ತೆರುವುದು ನ್ಯಾಯವೋ ಅನ್ಯಾಯವೋ ಎಂಬುದೇ ಇಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ. ಹಣದ ಮೊತ್ತ ಸಣ್ಣದಿರಬಹುದು. ಪ್ರಶ್ನೆ ಸಣ್ಣದಲ್ಲ.

ಮೊದಲಿಗೆ ಒಂದು ಮಾತು. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಪದ್ಧತಿ ಎಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಆಯಗಾರರ ಪದ್ಧತಿ ಇತ್ತು. ಬಡಗಿ, ಕಮ್ಮಾರ, ಕ್ಷೌರಿಕ, ಅಗಸ ಮೊದಲಾದವರಿಗೆ ಸುಗ್ಗಿಯಲ್ಲಿ ಕಣದ ಮೇಲೆಯೇ ಧಾನ್ಯದ ಪಾಲು ಅಳೆದು ಕೊಡುತ್ತಿದ್ದರು. ಮಹಾರಾಷ್ಟ್ರದವರು ಬಲುತೇದಾರರೆಂದು ಕರೆಯುವುದೂ ಇಂಥವರನ್ನೇ. ಆ ವರ್ಷ ನೇಗಿಲಿನ ಕುಳ ಎಷ್ಟು ಬಾರಿ ಹರಿತ ಮಾಡಿಸಿದೆವು ಎಂದು ರೈತ ಲೆಕ್ಕ ಇಡುತ್ತಿರಲಿಲ್ಲ. ಕಮ್ಮಾರ ಊರಿನಲ್ಲಿ ಇದ್ದಾನೆ, ಕರೆದಾಗ ಕುಲುಮೆ ಊದುತ್ತಾನೆ ಎಂಬುದಕ್ಕೇ ಆ ಪಾಲು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಇತ್ತು, ಬಲವಂತ ಇತ್ತು, ಅನ್ಯಾಯವೂ ಇತ್ತು. ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಎಣಿಸದೆ ಕೊಡುವ ವಾರ್ಷಿಕ ಸಂದಾಯವೆಂಬುದು ನಮ್ಮ ಅಜ್ಜಂದಿರಿಗೆ ಅಪರಿಚಿತವಾಗಿರಲಿಲ್ಲ ಎಂಬುದಷ್ಟನ್ನು ನೆನಪಿಡಬೇಕು.

ಇನ್ನು ಖಾನಾವಳಿಯ ಉದಾಹರಣೆ. ಮದುವೆಗೆ ಮೊದಲು ಈ ನಗರದಲ್ಲಿ ತಿಂಗಳ ಲೆಕ್ಕದಲ್ಲಿ ಉಂಡವರು ನಮ್ಮಲ್ಲಿ ಅನೇಕರಿದ್ದಾರೆ. ರಾತ್ರಿ ಊಟಕ್ಕೆ ಬರುವುದಿಲ್ಲವೆಂದು ಬೆಳಿಗ್ಗೆಯೇ ಹೇಳಿದರೆ ಆ ಹೊತ್ತನ್ನು ಲೆಕ್ಕದಿಂದ ಕಳೆಯುವುದು, ಹೇಳದೆ ತಪ್ಪಿಸಿದರೆ ಕಳೆಯದಿರುವುದು ಸಾಮಾನ್ಯ ಕ್ರಮ. ಇದನ್ನು ಅನ್ಯಾಯವೆಂದು ಯಾರೂ ಜಗಳವಾಡುವುದಿಲ್ಲ. ಏಕೆಂದರೆ ಹೇಳದಿದ್ದವನ ಪಾಲಿನ ಅಕ್ಕಿ ಆಗಲೇ ಒಲೆಯ ಮೇಲೆ ಏರಿರುತ್ತದೆ. ನಾವು ಉಣ್ಣಲಿಲ್ಲ, ನಿಜ. ಆದರೆ ನಮಗಾಗಿ ಬೇಯಿಸಿದ್ದು ನಿಜವಲ್ಲವೇ?

ಈ ಬೇಯಿಸಿದ ಅನ್ನದ ಮಾತನ್ನೇ ಶಾಸ್ತ್ರೀಯವಾಗಿ ಹೇಳಿದವನು ಜಾನ್ ಹಾಪ್ಕಿನ್ಸನ್ ಎಂಬ ಇಂಗ್ಲಿಷ್ ಭೌತವಿಜ್ಞಾನಿ ಮತ್ತು ಎಂಜಿನಿಯರ್. ವಿದ್ಯುತ್ ಪೂರೈಕೆಯ ಖರ್ಚಿನ ವಿಷಯವಾಗಿ 1892ರಲ್ಲಿ ಮಾಡಿದ ಭಾಷಣದಲ್ಲಿ ಅವನು ಖರ್ಚನ್ನು ಎರಡಾಗಿ ಬಿಡಿಸಿ ತೋರಿಸಿದ. ಒಂದು, ಗ್ರಾಹಕ ಯಾವ ಗಳಿಗೆಯಲ್ಲಿ ಗುಂಡಿ ಒತ್ತಿದರೂ ದೀಪ ಹತ್ತುವಂತೆ ಯಂತ್ರ, ತಂತಿ, ಆಳುಕಾಳುಗಳನ್ನು ಸಿದ್ಧವಾಗಿಡುವ ಖರ್ಚು. ಇದು ದೀಪ ಹತ್ತಲಿ, ಹತ್ತದಿರಲಿ ಬದಲಾಗದು. ಇನ್ನೊಂದು, ದೀಪ ಉರಿದಷ್ಟು ಹೊತ್ತು ಸುಡುವ ಕಲ್ಲಿದ್ದಲಿನ ಖರ್ಚು. ಎರಡು ಬಗೆಯ ಖರ್ಚಿಗೆ ಎರಡು ಬಗೆಯ ದರ ಇರುವುದು ಉಚಿತವೆಂಬುದು ಅವನ ವಾದದ ತಾತ್ಪರ್ಯ. ಇಂದಿಗೂ ನಮ್ಮ ಬಿಲ್ಲಿನಲ್ಲಿ ಸ್ಥಿರ ಆಕಾರ, ಯೂನಿಟ್ಟಿನ ಆಕಾರ ಎಂದು ಎರಡು ಸಾಲು ಇರುವುದಕ್ಕೆ ಮೂಲ ಈ ವಿಚಾರ. ಮೇ ತಿಂಗಳಿಡೀ ಮನೆ ಬೀಗ ಹಾಕಿದ್ದರೂ ಟ್ರಾನ್ಸ್‌ಫಾರ್ಮರು ನಮಗಾಗಿ ಕಾದು ನಿಂತಿರುತ್ತದೆ. ಊರಿನಿಂದ ಬಂದ ರಾತ್ರಿ ದೀಪ ಹತ್ತದಿದ್ದರೆ ಮೊದಲು ಕೂಗುವವರು ನಾವೇ. ಆದುದರಿಂದ ಇಲ್ಲಿ ನಾವು ಕೊಡುವುದು ಬಳಸದುದರ ಬೆಲೆಯಲ್ಲ, ಸಿದ್ಧತೆಯ ಬೆಲೆ.

ಸರಕಾರಿ ಗುಮಾಸ್ತರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. ಕೇಂದ್ರ ಸರಕಾರದ ಆರೋಗ್ಯ ಯೋಜನೆ 1954ರಲ್ಲಿ ದಿಲ್ಲಿಯಲ್ಲಿ ಪ್ರಾರಂಭವಾಯಿತು. ಏಳನೆಯ ವೇತನ ಆಯೋಗದ ಶ್ರೇಣಿಗಳಂತೆ ಕೆಳಗಿನ ಐದು ಮಟ್ಟಗಳ ನೌಕರರಿಂದ ತಿಂಗಳಿಗೆ 250 ರೂಪಾಯಿ ಮುರಿದುಕೊಳ್ಳುವುದೆಂದು ನಿಗದಿಯಾಯಿತು. ವರ್ಷವಿಡೀ ಒಂದು ನೆಗಡಿಯೂ ಬರದಿದ್ದವನು ಈ ಹಣ ದಂಡವಾಯಿತೆಂದು ಕೊರಗುವುದುಂಟೇ? ದಂಡವಾದದ್ದು ತನ್ನ ಪುಣ್ಯವೆಂದೇ ತಿಳಿಯುತ್ತಾನೆ. ಅವನ ಹಣ ಇನ್ನೊಬ್ಬನ ಔಷಧಕ್ಕೆ ಹೋಯಿತು. ತನಗೆ ಕಾಯಿಲೆ ಬಂದ ದಿನ ಇತರರ ಹಣ ತನ್ನ ಕೈ ಹಿಡಿಯುತ್ತದೆಂಬ ಧೈರ್ಯ ಅವನಿಗೆ ಸಿಕ್ಕಿತು.

ಲಿಫ್ಟಿನ ವಿಷಯವೂ ಇಂಥದೇ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳಲ್ಲಿ ಲಿಫ್ಟಿನ ದುರಸ್ತಿ, ನಿರ್ವಹಣೆ, ಓಡಾಟದ ಖರ್ಚನ್ನು ಆ ಕಟ್ಟಡದ ಸದಸ್ಯರೆಲ್ಲರೂ, ಲಿಫ್ಟನ್ನು ಬಳಸಲಿ ಬಳಸದಿರಲಿ, ಸಮನಾಗಿ ಹಂಚಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳಿದೆ. ನೆಲ ಅಂತಸ್ತಿನವರ ವಾದ ಪ್ರತಿ ವಾರ್ಷಿಕ ಸಭೆಯಲ್ಲೂ ಕೇಳಿಬರುತ್ತದೆ, ಅದರಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ಮಾಳಿಗೆ ಸೋರದಂತೆ ಮಾಡಿಸುವ ರಿಪೇರಿಗೆ ಅವರೂ ಕೊಡುತ್ತಾರೆ, ಅಂಗಳದ ಚರಂಡಿಯ ರಿಪೇರಿಗೆ ಏಳನೆಯ ಮಾಳಿಗೆಯವರೂ ಕೊಡುತ್ತಾರೆ. ಒಂದೊಂದನ್ನೂ ಬಳಸಿದವರ ಹೆಸರಿಗೇ ಬರೆಯುತ್ತಾ ಹೋದರೆ ಕಟ್ಟಡ ಉಳಿದೀತು, ನೆರೆಹೊರೆ ಉಳಿಯದು. ನಮ್ಮ ಹಿರಿಯರು ಇಂಥದಕ್ಕೆ ವಂತಿಗೆ ಎಂಬ ಒಳ್ಳೆಯ ಹೆಸರನ್ನಿಟ್ಟಿದ್ದರು. ರಥ ಎಳೆಯಲು ಬಾರದ ಮುದುಕನೂ ತೇರಿಗೆ ವಂತಿಗೆ ಕೊಡುತ್ತಿದ್ದ.

ಅಲ್ಲಿಗೆ ಬಳಸದೆ ಕೊಡುವ ಹಣದಲ್ಲಿ ಎರಡು ಜಾತಿ ನ್ಯಾಯವಾದುದೆಂದು ಒಪ್ಪಿದಂತಾಯಿತು. ಒಂದು ಸಿದ್ಧತೆಯ ಬೆಲೆ, ಇನ್ನೊಂದು ವಂತಿಗೆ. ಈಗ ಮೂರನೆಯದಕ್ಕೆ ಬರೋಣ.

ಲೋಕಲ್ ರೈಲಿನ ಪಾಸನ್ನು ನೋಡಿರಿ. ಇಪ್ಪತ್ತೈದು ದಿನ ಕಚೇರಿಗೆ ಹೋಗಿ ಬಂದರೆ ಐವತ್ತು ಪಯಣ. ಐವತ್ತು ಟಿಕೇಟಿನ ಹಣಕ್ಕಿಂತ ಪಾಸಿನ ಹಣ ಬಹಳ ಕಡಿಮೆ. ರಜೆಯ ದಿನ, ಕಾಯಿಲೆಯ ದಿನ ಅದು ಜೇಬಿನಲ್ಲಿ ಸುಮ್ಮನೆ ಇರುತ್ತದೆಂಬುದು ಕೊಳ್ಳುವಾಗಲೇ ಗೊತ್ತು. ಎಲ್ಲಕ್ಕೂ ಮುಖ್ಯವಾಗಿ, ಗಡುವಿನ ದಿನ ಬಂದೊಡನೆ ಪಾಸು ತಾನಾಗಿ ಮುಗಿಯುತ್ತದೆ. ಬೇಕಾದರೆ ನಾವೇ ಹೋಗಿ ಅಥವಾ ಮೊಬೈಲಿನಲ್ಲಿ ನಾವೇ ಕೇಳಿ ಮತ್ತೆ ತೆಗೆದುಕೊಳ್ಳಬೇಕು. ಕೊಳ್ಳುವ ಕೆಲಸ ಪ್ರತಿಸಲವೂ ನಮ್ಮದು.

ಈಚಿನ ಅನೇಕ ಚಂದಾಗಳಲ್ಲಿ ಇದು ತಲೆಕೆಳಗಾಗಿದೆ. ಮೊದಲ ತಿಂಗಳು ಉಚಿತ ಎನ್ನುತ್ತಾರೆ. ಕಾರ್ಡಿನ ಸಂಖ್ಯೆ ಬರೆಸಿಕೊಳ್ಳುತ್ತಾರೆ. ಆಮೇಲೆ ತಿಂಗಳಿಗೆ 149 ರೂಪಾಯಿ ತಾನಾಗಿ ಹೋಗುತ್ತಲೇ ಇರುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 1788 ರೂಪಾಯಿ. ಇಂಥವು ಮೂರು ಇದ್ದರೆ 5364. ಇಲ್ಲಿ ಕೊಳ್ಳುವುದಕ್ಕೆ ನಾವು ಏನೂ ಮಾಡಬೇಕಾಗಿಲ್ಲ, ನಿಲ್ಲಿಸುವುದಕ್ಕೆ ಮಾತ್ರ ಮಾಡಬೇಕು. ಸೇರುವ ಬಾಗಿಲು ಹೆಬ್ಬಾಗಿಲು, ಹೊರಡುವ ಬಾಗಿಲು ಹಿತ್ತಲ ಕಿಂಡಿ.

ಈ ವಿಷಯವಾಗಿ ಸ್ಟೆಫಾನೋ ಡೆಲ್ಲಾವೀನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ವ್ಯಾಯಾಮಶಾಲೆಗಳ ಲೆಕ್ಕಪತ್ರಗಳನ್ನು ಪರಿಶೀಲಿಸಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಮಿಕ್ಕ ಚಂದಾ ಕೊಡುತ್ತಿದ್ದ ಸದಸ್ಯರು ಸರಾಸರಿ ತಿಂಗಳಿಗೆ ನಾಲ್ಕು ಬಾರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಬರುತ್ತಿದ್ದರು. ಹತ್ತು ಸಲದ ಚೀಟಿ ಕೊಂಡಿದ್ದರೆ ಸಲಕ್ಕೆ 10 ಡಾಲರಿನಲ್ಲಿ ಮುಗಿಯುತ್ತಿತ್ತು. ಅವರಿಗೆ ಬಿದ್ದದ್ದು 17 ಡಾಲರಿಗೂ ಹೆಚ್ಚು. ಇನ್ನೂ ವಿಶೇಷವೆಂದರೆ, ಕೊನೆಯ ಬಾರಿ ಬಂದು ಹೋದ ಮೇಲೆ ಚಂದಾ ರದ್ದು ಮಾಡಿಸುವುದಕ್ಕೆ ಸರಾಸರಿ ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಆ ಎರಡು ತಿಂಗಳ ಹಣ ಯಾವುದರ ಬೆಲೆ? ಸಿದ್ಧತೆಯ ಬೆಲೆಯೆನ್ನೋಣವೆಂದರೆ, ಅವರು ಬರುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿದೆ. ವಂತಿಗೆಯೆನ್ನೋಣವೆಂದರೆ, ಅಲ್ಲಿ ಊರೂ ಇಲ್ಲ, ತೇರೂ ಇಲ್ಲ. ಅದು ಮರೆವಿನ ಮೇಲೆ, ಆಲಸ್ಯದ ಮೇಲೆ ಹಾಕಿದ ಸುಂಕ ಎಂದೇ ಹೇಳಬೇಕು.

ವ್ಯಾಪಾರಿಯ ಪಕ್ಷದಿಂದ ಎರಡು ಉತ್ತರಗಳಿವೆ. ಅವನ್ನೂ ಕೇಳುವುದು ಧರ್ಮ. ಮೊದಲನೆಯದು, "ನೀವೇ ಒಪ್ಪಿ ರುಜು ಹಾಕಿದ್ದೀರಿ, ಮರೆತರೆ ತಪ್ಪು ಯಾರದು?" ಎಂಬುದು. ಈ ಮಾತಿನಲ್ಲಿ ಸತ್ಯವಿದೆ. ಎಚ್ಚರ ತಪ್ಪಿದವನಿಗೂ ಪಾಲಿನ ಹೊಣೆ ಇದ್ದೇ ಇದೆ. ಆದರೆ ಬಸ್ಸಿನಲ್ಲಿ ಚೀಲ ಮರೆತವನದು ತಪ್ಪೆಂದ ಮಾತ್ರಕ್ಕೆ ಆ ಚೀಲ ಕಂಡಕ್ಟರನದಾಗುವುದಿಲ್ಲವಷ್ಟೆ. ಎರಡನೆಯದು, "ಬಾರದವರ ಹಣದಿಂದಲೇ ಬರುವವರಿಗೆ ಕಡಿಮೆ ದರ ಸಾಧ್ಯವಾಗಿದೆ, ವಿಮೆಯೂ ಹೀಗೇ ಅಲ್ಲವೇ?" ಎಂಬುದು. ಇದು ಜಾಣತನದ ಮಾತು, ಉತ್ತರಿಸಲು ಸ್ವಲ್ಪ ಯೋಚಿಸಬೇಕು.

ನಮಗೆ ತೋರುವ ವ್ಯತ್ಯಾಸ ಇದು. ವಿಮೆ ಮಾಡಿಸಿದವನನ್ನು ಇಂದೇ ಕರೆದು, "ಸ್ವಾಮೀ, ನೀವು ಈ ವರ್ಷ ಏನೂ ಪಡೆಯಲಿಲ್ಲ, ಮುಂದೆಯೂ ಕಟ್ಟುತ್ತೀರಾ?" ಎಂದು ಕೇಳಿದರೆ, ಕಟ್ಟುತ್ತೇನೆ ಎನ್ನುತ್ತಾನೆ. ಲಿಫ್ಟಿಗೆ ಕೊಡುವವನು ಗೊಣಗಿದರೂ ಕೊಡುತ್ತಾನೆ. ವಿದ್ಯುತ್ತಿಗೆ ಕೊಡುವವನು ಖಂಡಿತ ಕೊಡುತ್ತಾನೆ. ಆದರೆ ಎಂಟು ತಿಂಗಳಿಂದ ತೆರೆಯದ ಚಂದಾದ ಯಜಮಾನನನ್ನು ಹಾಗೆ ಕೇಳಿದರೆ, "ಅಯ್ಯೋ, ಅದಿನ್ನೂ ನಡೆಯುತ್ತಿದೆಯೇ? ಮೊದಲು ನಿಲ್ಲಿಸಿ" ಎನ್ನುತ್ತಾನೆ. ಹೀಗಿರುವುದರಿಂದ ನ್ಯಾಯಕ್ಕೆ ಒಂದು ಸುಲಭವಾದ ಒರೆಗಲ್ಲು ಸಿಕ್ಕಿತು: ನೆನಪಿಸಿದ ಮೇಲೂ ನಿಲ್ಲುವ ಹಣ ನ್ಯಾಯದ್ದು, ನೆನಪಿಸಿದೊಡನೆ ನಿಂತುಹೋಗುವ ಹಣ ನ್ಯಾಯದ್ದಲ್ಲ. ಯಾವ ವ್ಯಾಪಾರಿ ಗಿರಾಕಿಗೆ ನೆನಪಿಸಲು ಹಿಂಜರಿಯುತ್ತಾನೋ ಅವನ ಲಾಭದ ಬುಡದಲ್ಲಿ ಏನೋ ಕೊಳೆತಿದೆ ಎಂದೇ ಅರ್ಥ.

ನಮ್ಮ ಕಾನೂನು ತಡವಾಗಿಯಾದರೂ ಈ ದಾರಿಗೇ ಬಂದಿದೆ. ಕಾರ್ಡುಗಳಿಂದ ತಾನಾಗಿ ಕಡಿತವಾಗುವ ಹಣದ ಬಗ್ಗೆ ರಿಸರ್ವ್ ಬ್ಯಾಂಕು 2019ರಲ್ಲಿ ಹೊರಡಿಸಿದ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಅದರಂತೆ ಹಣ ಕಡಿತವಾಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ಬೇಡವೆನ್ನಲು ಅವನಿಗೆ ಅವಕಾಶವಿರಬೇಕು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹದಿಮೂರು ಬಗೆಯ ಮೋಸದ ಜಾಲಗಳನ್ನು ಹೆಸರಿಸಿ ನಿಷೇಧಿಸಿತು. ರದ್ದು ಮಾಡಲು ಬಿಡದ ಚಂದಾ ಅದರಲ್ಲಿ ಒಂದು. ಬ್ಯಾಂಕಿನಿಂದ ಬರುವ ಆ 24 ಗಂಟೆಯ ಸಂದೇಶವನ್ನು ಓದದೆ ಅಳಿಸಿಹಾಕುವವರು ಇನ್ನು ಮೇಲೆ ಓದಿ ಅಳಿಸುವುದು ಮೇಲು.

ಇನ್ನು ಕೆಲವು ಬಿಲ್ಲುಗಳಲ್ಲಿ ನ್ಯಾಯವೂ ಅನ್ಯಾಯವೂ ಒಂದೇ ಕಟ್ಟಿನಲ್ಲಿ ಬೆರೆತು ಬರುತ್ತವೆ. ಊರಿನಲ್ಲಿ ಒಬ್ಬರೇ ಇರುವ ತಾಯಿಯ ಮೊಬೈಲಿಗೆ ಇಲ್ಲಿಂದ ಹಣ ತುಂಬುವ ಮಕ್ಕಳು ನಮ್ಮಲ್ಲಿ ಮನೆಗೊಬ್ಬರಂತೆ ಇದ್ದಾರೆ. ಆಕೆ ಕರೆ ಮಾಡುವುದು ಅಪರೂಪ. ನಾವು ಮಾಡಿದಾಗ ಎತ್ತುತ್ತಾಳೆ, ಅಷ್ಟೆ. ಆ ಒಂದು ಎತ್ತುವಿಕೆಗಾಗಿ ತಿಂಗಳಿಡೀ ಹಣ ಕೊಡುವುದು ನಮಗೆ ಕಷ್ಟವಲ್ಲ, ಅದು ಸಿದ್ಧತೆಯ ಬೆಲೆ. ಆದರೆ ಗುಂಡಿಯ ಫೋನು ಹಿಡಿದಿರುವ ಆಕೆಗೆ ಇಂಟರ್‌ನೆಟ್ಟಿನ ಡೇಟಾವನ್ನೂ ಸೇರಿಸಿ ಮಾರುವುದೇಕೆ? 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಕರೆ ಮತ್ತು ಸಂದೇಶಕ್ಕೆ ಮಾತ್ರ ಪ್ರತ್ಯೇಕ ಯೋಜನೆಗಳನ್ನು ಕಂಪನಿಗಳು ಇಡಲೇಬೇಕೆಂದು ವಿಧಿಸಿತು. ಅದಕ್ಕೂ ಮೊದಲು 2022ರಲ್ಲಿ, 28 ದಿನದ "ತಿಂಗಳು" ಸಾಲದೆಂದು, 30 ದಿನದ ಯೋಜನೆಯೊಂದನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಯೋಜನೆಯೊಂದನ್ನೂ ಇಡಬೇಕೆಂದು ಹೇಳಿತ್ತು. 365ನ್ನು 28ರಿಂದ ಭಾಗಿಸಿದರೆ 13 ಬರುತ್ತದೆ, ಪಂಚಾಂಗದಲ್ಲಿ ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬಂದರೆ ಇವರದು ವರ್ಷವರ್ಷವೂ ಬರುತ್ತದೆ. ಇಂಥ ಯೋಜನೆಗಳು ಇವೆಯೆಂದು ತಿಳಿದು ಆರಿಸಿಕೊಳ್ಳುವ ಕೆಲಸ ಮಾತ್ರ ಮಕ್ಕಳದು.

ಇಲ್ಲಿಯವರೆಗೆ ನಾವು ಕೊಡುವವರ ಪಕ್ಷದಲ್ಲಿ ಕುಳಿತು ನ್ಯಾಯ ಹೇಳಿದೆವು. ನ್ಯಾಯವೆಂಬುದು ತಕ್ಕಡಿಯಾದರೆ ಇನ್ನೊಂದು ತಟ್ಟೆಯನ್ನೂ ನೋಡಬೇಕು.

ಬೇಸಗೆಯ ರಜೆಗೆ ನಮ್ಮ ಕುಟುಂಬಗಳು ಉಡುಪಿಗೋ ಕಾರವಾರಕ್ಕೋ ಧಾರವಾಡಕ್ಕೋ ಹೊರಡುತ್ತವೆ. ಹೊರಡುವ ಮುನ್ನ ಹಾಲಿನವನಿಗೆ, ಪೇಪರಿನವನಿಗೆ ಹೇಳಿ ನಿಲ್ಲಿಸುವುದು ಸರಿಯೇ. ಬಾರದ ಹಾಲಿಗೆ ಹಣವಿಲ್ಲ, ಆ ಹಾಲನ್ನು ಅವನು ಇನ್ನೊಂದು ಮನೆಗೆ ಕೊಡಬಲ್ಲ. ಆದರೆ ಅದೇ ಉಸಿರಿನಲ್ಲಿ ಮನೆಗೆಲಸದ ಬಾಯಿಗೂ, "ಒಂದು ತಿಂಗಳು ಬೇಡ, ಬಂದ ಮೇಲೆ ಹೇಳುತ್ತೇವೆ" ಎನ್ನುವ ಮನೆಗಳು ಎಷ್ಟೋ ಇವೆ. ಇಲ್ಲಿನ ಮಾತಿನಲ್ಲಿ ಅದಕ್ಕೆ ಖಾಡಾ ಎಂದು ಹೆಸರು. ಗೈರುಹಾಜರಿಯ ದಿನವೆಂದು ಅರ್ಥ. ಆದರೆ ಗೈರುಹಾಜರಾದವರು ಯಾರು? ನಾವಲ್ಲವೇ?

ಆಕೆ ದಿನಕ್ಕೆ ನಾಲ್ಕೈದು ಮನೆ ಮಾಡುತ್ತಾಳೆ. ಬೆಳಗಿನ ಏಳರಿಂದ ಎಂಟರವರೆಗಿನ ಗಳಿಗೆ ನಮ್ಮದು. ಆ ಗಳಿಗೆಯನ್ನು ಒಂದು ತಿಂಗಳ ಮಟ್ಟಿಗೆ ಬೇರೆಯವರಿಗೆ ಮಾರಲು ಆಕೆಗೆ ಆಗುವುದಿಲ್ಲ. ಮಾರಿದರೆ ಜೂನಿನಲ್ಲಿ ನಾವು ಬಂದಾಗ ನಮಗೆ ಆಕೆ ಸಿಗುವುದಿಲ್ಲ. ನಾವು ಬರುವುದನ್ನೇ ಕಾದು ಆ ಗಳಿಗೆಯನ್ನು ಬರಿದಾಗಿ ಇಟ್ಟುಕೊಳ್ಳುತ್ತಾಳೆ. ಹಾಪ್ಕಿನ್ಸನ್ ಹೇಳಿದ ಸಿದ್ಧತೆ ಇದಕ್ಕಿಂತ ಬೇರೆಯೇನು? ಟ್ರಾನ್ಸ್‌ಫಾರ್ಮರಿಗೆ ಕೊಡುವ ಸ್ಥಿರ ಆಕಾರವನ್ನು ಮನುಷ್ಯಳಿಗೆ ಕೊಡುವುದಿಲ್ಲವೆಂದರೆ ಹೇಗೆ? ಆಕೆಯ ಖೋಲಿಯ ಬಾಡಿಗೆಗೆ ಮೇ ತಿಂಗಳಲ್ಲಿ ಖಾಡಾ ಇಲ್ಲ. ಮಕ್ಕಳ ಹೊಟ್ಟೆಗಂತೂ ಇಲ್ಲವೇ ಇಲ್ಲ.

ಇನ್ನೂ ಒಂದು ಮಾತು ಇದೆ, ಅದು ಸರಕಾರಿ ನೌಕರರಿಗೆ ವಿಶೇಷವಾಗಿ ಅನ್ವಯಿಸುತ್ತದೆ. 1972ರ ರಜಾ ನಿಯಮಗಳಂತೆ ಪ್ರತಿ ಜನವರಿ 1ರಂದು 15, ಜುಲೈ 1ರಂದು 15, ಹೀಗೆ ವರ್ಷಕ್ಕೆ 30 ದಿನದ ಗಳಿಕೆ ರಜೆ ನಮ್ಮ ಖಾತೆಗೆ ಜಮೆಯಾಗುತ್ತದೆ. ಸಾಂದರ್ಭಿಕ ರಜೆ 8 ದಿನ ಬೇರೆ. ಈ ದಿನಗಳಲ್ಲಿ ಸರಕಾರಕ್ಕೆ ನಮ್ಮ ಸೇವೆ ಸಿಗುವುದಿಲ್ಲ, ಆದರೂ ಪೂರ್ತಿ ಸಂಬಳ ಸಲ್ಲುತ್ತದೆ. ಬಳಸದ ಸೇವೆಗೆ ಹಣ ಕೊಡುವುದು ಅನ್ಯಾಯವೆಂದು ನಾವು ಯಾರಾದರೂ ಆ ಸಂಬಳವನ್ನು ಹಿಂದಿರುಗಿಸಿದ್ದುಂಟೇ? ಹಿಂದಿರುಗಿಸಬೇಕಾಗಿಯೂ ಇಲ್ಲ. ದುಡಿಯುವವನು ಯಂತ್ರವಲ್ಲ, ಅವನಿಗೆ ಮನೆಯಿದೆ, ಊರಿದೆ, ವಿಶ್ರಾಂತಿ ಬೇಕು ಎಂಬುದನ್ನು ಆ ನಿಯಮ ಒಪ್ಪಿಕೊಂಡಿದೆ. ಸಂಬಳ ಸಹಿತದ ರಜೆಯಲ್ಲಿ ಊರಿಗೆ ಹೋಗುವ ಮನೆ, ತನ್ನ ರಜೆಗಾಗಿ ಇನ್ನೊಬ್ಬಳ ಸಂಬಳ ಕತ್ತರಿಸುವುದು ಯಾವ ಲೆಕ್ಕಶಾಸ್ತ್ರಕ್ಕೂ ಹೊಂದುವುದಿಲ್ಲ.

"ಆಕೆಯೇ ಕೇಳುವುದಿಲ್ಲವಲ್ಲ" ಎನ್ನುವವರಿದ್ದಾರೆ. ಹೌದು, ಕೇಳುವುದಿಲ್ಲ. ನೆನಪಿಸಿದರೆ ಕೆಲಸವೇ ಹೋದೀತೆಂಬ ಭಯ. ಇಲ್ಲಿ ನಮ್ಮ ಒರೆಗಲ್ಲಿಗೆ ಇನ್ನೊಂದು ಮುಖವಿರುವುದು ಕಾಣುತ್ತದೆ. ಕಂಪನಿ ನಮಗೆ ನೆನಪಿಸುವುದಿಲ್ಲ, ಏಕೆಂದರೆ ಸುಮ್ಮನಿದ್ದರೆ ಅದಕ್ಕೆ ಲಾಭ. ಬಾಯಿ ನಮಗೆ ನೆನಪಿಸುವುದಿಲ್ಲ, ಏಕೆಂದರೆ ಮಾತಾಡಿದರೆ ಆಕೆಗೆ ನಷ್ಟ. ಎರಡು ಮೌನಗಳಲ್ಲಿಯೂ ಬಲವುಳ್ಳವನ ಜೇಬೇ ತುಂಬುತ್ತದೆ. ಮೊದಲನೆಯದರಲ್ಲಿ ನಾವು ಬಲಹೀನರು, ಆದುದರಿಂದ ಅನ್ಯಾಯ ಬೇಗ ಕಾಣುತ್ತದೆ. ಎರಡನೆಯದರಲ್ಲಿ ನಾವು ಬಲಿಷ್ಠರು, ಆದುದರಿಂದ ಕಾಣುವುದಿಲ್ಲ. ಅಪರಿಚಿತ ಕಂಪನಿಗೆ ತಿಂಗಳಿಗೆ 149 ರೂಪಾಯಿ ಕೇಳದೆಯೇ ಬಿಟ್ಟುಕೊಡುವ ಮನೆ, ಹತ್ತು ವರ್ಷ ತನ್ನ ಪಾತ್ರೆ ಬೆಳಗಿದವಳ ಖಾಡಾವನ್ನು ಬೆರಳು ಮಡಚಿ ಎಣಿಸುವುದನ್ನು ನಾವೆಲ್ಲ ಕಂಡಿದ್ದೇವೆ.

ಕೊನೆಯದಾಗಿ ಗೃಹಸ್ಥರ ಮುಂದೆ ಒಂದು ಸರಳವಾದ ಸೂಚನೆ ಇಡುತ್ತೇವೆ. ಮುಂದಿನ ಭಾನುವಾರ ಮನೆಮಂದಿ ಕೂಡಿ ಕುಳಿತು ಒಂದು ಕಾಗದದಲ್ಲಿ ಮೂರು ಕಲಮು ಎಳೆಯಿರಿ. ಸಿದ್ಧತೆಯ ಬೆಲೆ, ವಂತಿಗೆ, ಮರೆವಿನ ಸುಂಕ. ತಿಂಗಳ ಪ್ರತಿಯೊಂದು ಸಂದಾಯವನ್ನೂ ಅದರದರ ಕಲಮಿನಲ್ಲಿ ಬರೆಯಿರಿ. ಮಕ್ಕಳ ಕೈಯಲ್ಲಿಯೇ ಬರೆಸಿದರೆ ಇನ್ನೂ ಒಳ್ಳೆಯದು, ಮೊಬೈಲಿನ ಚಂದಾಗಳ ಗುಟ್ಟು ಅವರಿಗೇ ಹೆಚ್ಚು ಗೊತ್ತು. ಮೂರನೆಯ ಕಲಮಿನಲ್ಲಿ ಬಂದುದನ್ನೆಲ್ಲ ಅಂದೇ ನಿಲ್ಲಿಸಿ. ಹಾಗೆ ಉಳಿದ ಹಣದಿಂದ ಬಾಯಿಯ ಮೇ ತಿಂಗಳ ಸಂಬಳ ಪೂರ್ತಿ ಅಲ್ಲದಿದ್ದರೂ ಬಹುಪಾಲು ಹೊರಟೀತು. ಊರಿನ ಟಿಕೇಟು ತೆಗೆಸುವ ದಿನವೇ, ಆಕೆ ಕೇಳುವುದಕ್ಕೆ ಮೊದಲೇ, ಸಂಬಳದ ಮಾತನ್ನು ನಾವಾಗಿ ಹೇಳಿಬಿಡುವುದು ಉತ್ತಮ.

ಹಾಗೆ ಬರೆಯುವಾಗ ಸಂಘದ ಚಂದಾ ಯಾವ ಕಲಮಿಗೆ ಸೇರಬೇಕೆಂದು ಕೆಲವರು ಕೇಳಬಹುದು. ವಾಚನಾಲಯಕ್ಕೆ ಬಾರದವರು, ನಾಟಕಕ್ಕೆ ಬಾರದವರು, ಈ ಮಾಸಿಕದ ಹೊದಿಕೆಯನ್ನೇ ಬಿಚ್ಚದವರು ಸದಸ್ಯರಲ್ಲಿ ಇದ್ದಾರೆ. ಅವರೂ ಕೊಡುವುದರಿಂದಲೇ ವಾಚನಾಲಯದ ದೀಪ ಹತ್ತುತ್ತದೆ, ಕನ್ನಡ ಕಲಿಯಲು ಬರುವ ನಾಲ್ಕು ಮಕ್ಕಳಿಗೆ ಬೆಂಚು ಸಿಗುತ್ತದೆ. ಅದು ವಂತಿಗೆ ಎಂದೇ ನಮ್ಮ ಭಾವನೆ. ಆದರೆ ನಮ್ಮದೇ ಒರೆಗಲ್ಲಿಗೆ ನಾವೂ ತಲೆಬಾಗಬೇಕಾದುದು ನ್ಯಾಯ. ಆದುದರಿಂದ ಸದಸ್ಯರಿಗೆ ನೆನಪಿಸುತ್ತಿದ್ದೇವೆ: ಈ ವರ್ಷವೂ ಚಂದಾ ಕೊಡಬೇಕಾಗಿದೆ. ಯೋಚಿಸಿ, ಬೇಕೆನಿಸಿದರೆ ಕೊಡಿ.